ಹಳೆ ಪಿಕಪ್‌ಗೆ ಮರದ ಬೆಡ್ ಹಾಕಿಸುವವರೇ, ಹಲಗೆಯ ಅಡಿಭಾಗ ನೋಡದೆ ಒಪ್ಪಬೇಡಿ

1950ರ ದಶಕದ ಒಂದು ಶೆವರ್ಲೆ ಪಿಕಪ್ ನನ್ನ ಹತ್ತಿರ ಇದೆ. ಅದರ ಬೆಡ್‌ಗೆ, ಅಂದರೆ ಸಾಮಾನು ಹೇರುವ ಹಿಂಭಾಗಕ್ಕೆ, ಹೊಸದಾಗಿ ಓಕ್ ಮರದ ನೆಲ ಹಾಕಿಸಿದೆ. ಮೊದಲ ಮಳೆಗಾಲದಲ್ಲೇ ಅದು ಹಾಳಾಯಿತು. ಬರೀ ಮರ ಹೋಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅದರ ಜೊತೆ ಪಕ್ಕದ ಹಳೆಯ ತಗಡೂ ಬಾಗಿದೆ, ಅದೇ ನೋವು. ಇನ್ನೊಬ್ಬರ ಗಾಡಿಗೆ ಹೀಗಾಗಬಾರದು, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಈ ನೆಲ ಹೇಗೆ ಕೂರುತ್ತದೆ ಅನ್ನುವುದು ಗೊತ್ತಿರಬೇಕು. ಹಲಗೆಗಳು ಗಾಡಿಯ ಉದ್ದಕ್ಕೆ ಇರುತ್ತವೆ, ದಪ್ಪ ಸಾಮಾನ್ಯವಾಗಿ ಮುಕ್ಕಾಲು ಇಂಚು. ಎರಡು ಹಲಗೆಗಳ ನಡುವೆ ಒಂದು ಉಕ್ಕಿನ ಪಟ್ಟಿ. ಪಟ್ಟಿಯ ಅಂಚು ಕೂರಲಿ ಅಂತ ಹಲಗೆಯ ಎರಡೂ ಬದಿ ಸಣ್ಣ ಮೆಟ್ಟಿಲು ಕೊರೆದಿರುತ್ತಾರೆ. ಪಟ್ಟಿಯ ಚೌಕ ತೂತಿನಲ್ಲಿ ಕ್ಯಾರೇಜ್ ಬೋಲ್ಟ್ (ದುಂಡು ತಲೆ, ಚೌಕ ಕತ್ತಿನ ಬೋಲ್ಟ್) ಇಳಿಸಿ, ಹಲಗೆಗಳ ಸಂದಿಯಲ್ಲೇ ಹಾಯಿಸಿ, ಕೆಳಗಿನ ಅಡ್ಡ ತೊಲೆಗೆ ಬಿಗಿಯುತ್ತಾರೆ. ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟಿಗೆ, ಹೋಗುವ ದೊಡ್ಡ ಬೋಲ್ಟ್‌ಗಳು ಮಾತ್ರ ಮರವನ್ನೇ ತೂರಿ ಹೋಗುತ್ತವೆ. ಬಹಳ ಜಾಣತನದ ಜೋಡಣೆ ಇದು. ಪಟ್ಟಿ ಹಲಗೆಯನ್ನು ಒತ್ತಿ ಹಿಡಿಯುತ್ತದೆ. ಆದರೂ ಅಗಲಕ್ಕೆ ಹಿಗ್ಗಿ ಕುಗ್ಗಲು ಹಲಗೆಗೆ ಜಾಗ ಇರುತ್ತದೆ. ಆ ಜಾಗ ಮುಚ್ಚಿದರೆ ಎಲ್ಲಾ ಕೆಟ್ಟಂತೆ.

ನಾನು ಕೆಲಸ ಕೊಟ್ಟ ವರ್ಕ್‌ಶಾಪ್‌ನವರು ಹಸಿ ಹಲಗೆ ಹಾಕಿದ್ದರು. ಗಾಡಿ ಮನೆಗೆ ಬಂದಾಗ ಮೇಲಿನ ವಾರ್ನಿಷ್ ಫಳಫಳ ಹೊಳೆಯುತ್ತಿತ್ತು. ಬಿಸಿಲಲ್ಲಿ ನಿಲ್ಲಿಸಿದ ಮೇಲೆ ಹಲಗೆಗಳು ಕುಗ್ಗಿದವು. ಕೆಲವು ಕಡೆ ಪಟ್ಟಿಯ ಅಂಚು ಮೆಟ್ಟಿಲಿನಿಂದ ಜಾರಿ, ಸಂದಿಯಲ್ಲಿ ಗಾಡಿಯ ಕೆಳಗಿನ ರಸ್ತೆ ಕಾಣುತ್ತಿತ್ತು. ವಾಪಸ್ ಒಯ್ದಾಗ ಅವರು ಹಲಗೆಗಳನ್ನೆಲ್ಲ ಒತ್ತಿ ಸೇರಿಸಿ, ಉಳಿದ ಜಾಗಕ್ಕೆ ಅಂಚಿನಲ್ಲಿ ಒಂದು ಮರದ ಪಟ್ಟಿ ಬಡಿದು ಬಿಗಿ ಮಾಡಿಕೊಟ್ಟರು. ಈ ರಿಪೇರಿಯೇ ಮುಂದಿನ ಹಾನಿಗೆಲ್ಲ ಕಾರಣ.

ಮಳೆ ಹಿಡಿಯಿತು. ಹಲಗೆಯ ಅಡಿಭಾಗಕ್ಕೆ ಒಂದು ಕೈ ವಾರ್ನಿಷ್ ಕೂಡ ಹಚ್ಚಿರಲಿಲ್ಲ. ಚಕ್ರ ಎರಚಿದ ನೀರನ್ನೆಲ್ಲ ಆ ಬರೀ ಮರ ಹೀರಿಕೊಂಡಿತು. ಅಡಿ ಹಿಗ್ಗಿತು, ಮೇಲಿನ ಮುಖ ಹಾಗೇ ಉಳಿಯಿತು. ಹಲಗೆಯ ಅಂಚುಗಳು ಮೇಲೆದ್ದು, ನಡುವೆ ತಗ್ಗಾಗಿ ನೀರು ನಿಲ್ಲತೊಡಗಿತು. ಬೋಲ್ಟ್ ಇರುವಲ್ಲಿ ಉಕ್ಕಿನ ಪಟ್ಟಿ ಕಚ್ಚಿ ಕೂತಿತ್ತು, ಎರಡು ಬೋಲ್ಟ್‌ಗಳ ನಡುವೆ ಉಬ್ಬಿತ್ತು. ಪಕ್ಕದಿಂದ ಕಣ್ಣು ಹಾಯಿಸಿದರೆ ಉದ್ದಕ್ಕೂ ಅಲೆ ಅಲೆಯಾಗಿ ಕಾಣುತ್ತಿತ್ತು. ಆಮೇಲೆ ಒಂದು ದಿನ ಟೇಲ್‌ಗೇಟ್‌ನ (ಹಿಂಬದಿ ಬಾಗಿಲಿನ) ಚಿಲಕ ಹಿಡಿಯಲೇ ಇಲ್ಲ. ಎರಡೂ ಬದಿಯ ತಗಡನ್ನು ಮರ ಹೊರಕ್ಕೆ ತಳ್ಳಿಬಿಟ್ಟಿತ್ತು.

"ಮರ ಅಂದ್ರೆ ಉಬ್ಬುತ್ತೆ ಸಾರ್, ನಾವೇನ್ ಮಾಡೋಕಾಗುತ್ತೆ" ಅಂದರು ವರ್ಕ್‌ಶಾಪ್‌ನವರು. ಉಬ್ಬುವುದು ನಿಜ. ಎಷ್ಟು ಉಬ್ಬುತ್ತದೆ ಅನ್ನುವುದನ್ನೂ ಮೊದಲೇ ಲೆಕ್ಕ ಹಾಕಬಹುದು, ಅಲ್ವಾ? ನಾಲ್ಕು ಅಡಿ ಅಗಲದ ಕೆಂಪು ಓಕ್ ನೆಲದ ತೇವ ಶೇ 8ರಿಂದ 16ಕ್ಕೆ ಏರಿದರೆ, ಒಟ್ಟು ಅಗಲ ಒಂದು ಇಂಚಿಗಿಂತ ಜಾಸ್ತಿ ಹಿಗ್ಗಬಹುದು. ಮರ ಕೊಯ್ದ ರೀತಿಯ ಮೇಲೂ ಇದು ನಿಂತಿದೆ. ಹಲಗೆಯ ತುದಿ ನೋಡಿ. ಬೆಳವಣಿಗೆಯ ಗೆರೆಗಳು ಕಮಾನಿನಂತೆ ಮಲಗಿದ್ದರೆ ಹಿಗ್ಗುವಿಕೆ ಜಾಸ್ತಿ, ನೆಟ್ಟಗೆ ನಿಂತಿದ್ದರೆ ಸುಮಾರು ಅರ್ಧ. ಉದ್ದಕ್ಕೆ ಮರ ಹೆಚ್ಚು ಕಡಿಮೆ ಬದಲಾಗುವುದೇ ಇಲ್ಲ.

ನನಗೆ ಬಿಳಿ ಓಕ್ ಅಂತ ಹೇಳಿ ಕೆಂಪು ಓಕ್ ಹಾಕಿದ್ದರು. ಇದು ಗೊತ್ತಾಗಿದ್ದು ನೆಲ ಬಿಚ್ಚಿದ ಮೇಲೆ. ಪತ್ತೆ ಮಾಡುವುದು ಸುಲಭ. ಎಳೆ ನೇರವಾಗಿರುವ ಒಂದು ಗಿಡ್ಡ ತುಂಡು ಕೇಳಿ ತೆಗೆದುಕೊಳ್ಳಿ. ಒಂದು ತುದಿ ನೀರಲ್ಲಿ ಮುಳುಗಿಸಿ, ಇನ್ನೊಂದು ತುದಿಗೆ ಬಾಯಿ ಇಟ್ಟು ಜೋರಾಗಿ ಊದಿ. ಕೆಂಪು ಓಕ್ ಆದರೆ ನೀರಲ್ಲಿ ಗುಳ್ಳೆ ಏಳುತ್ತದೆ, ಯಾಕೆಂದರೆ ಅದರ ಕೊಳವೆಗಳು ತೆರೆದಿರುತ್ತವೆ. ಬಿಳಿ ಓಕ್‌ನಲ್ಲಿ ಆ ಕೊಳವೆಗಳು ಕಟ್ಟಿಕೊಂಡಿರುತ್ತವೆ. ಹೊರಗೆ ನಿಲ್ಲುವ ಗಾಡಿಗೆ ಬಿಳಿಯದೇ ಬೇಕು.

ಬೋಲ್ಟ್ ಆರಿಸುವುದರಲ್ಲೂ ಅವರು ತಪ್ಪಿದ್ದರು. ಓಕ್‌ನಲ್ಲಿ ಟ್ಯಾನಿನ್ ಅನ್ನುವ ಒಗರು ಪದಾರ್ಥ ಇರುತ್ತದೆ. ಮಾಮೂಲಿ ಉಕ್ಕಿನ ಬೋಲ್ಟ್‌ಗೆ ಅದು ತಾಗಿ, ಮೇಲೆ ನೀರೂ ಬಿದ್ದರೆ ಮರ ಕಪ್ಪಾಗುತ್ತದೆ. ನನ್ನ ಹಲಗೆಗಳಲ್ಲಿ ಪ್ರತಿ ಬೋಲ್ಟ್ ಪಕ್ಕ ಶಾಯಿ ಚೆಲ್ಲಿದಂಥ ಕಲೆ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಲು ಮೊದಲೇ ಹೇಳಿ.

ಮತ್ತೆ ಮಾಡಿಸುವಾಗ ನಾನು ಬಿಡದೆ ಕೇಳುವುದು ಇಷ್ಟು. ಜೋಡಿಸುವ ಮುಂಚೆ ಎಲ್ಲಾ ಹಲಗೆಗಳನ್ನು ಬಿಡಿಬಿಡಿಯಾಗಿ ತೋರಿಸಬೇಕು. ನಮ್ಮ ಕಣ್ಣೆದುರೇ ತೇವದ ಮೀಟರ್ ಚುಚ್ಚಬೇಕು. ಶೇ 20ರ ಹತ್ತಿರ ತೋರಿಸಿದರೆ ಸುಮ್ನೆ ಎದ್ದು ಬನ್ನಿ. ಪೂರ್ತಿ ಒಣಗಿಸಿದ ಮರವಾದರೆ ಮುಂದೆ ಹಿಗ್ಗಲು ಸಂದಿ ಬಿಡಬೇಕು, ಅದರಲ್ಲೂ ಹೊರಗಿನ ಎರಡು ಹಲಗೆಗಳ ಪಕ್ಕ. ಚಾಸಿ ಬೋಲ್ಟ್‌ನ ತೂತುಗಳು ಸ್ವಲ್ಪ ದೊಡ್ಡದಿರಬೇಕು. ಹಲಗೆಯ ಆರೂ ಮುಖಕ್ಕೆ, ತುದಿಗಳಿಗೆ, ಕೊರೆದ ಮೆಟ್ಟಿಲಿಗೆ, ತೂತಿನ ಒಳಗೂ ಎಣ್ಣೆಯೋ ವಾರ್ನಿಷೋ ತಾಗಿರಬೇಕು. ತುದಿ ಬಹಳ ಮುಖ್ಯ, ಮರ ಅತಿ ಬೇಗ ನೀರು ಕುಡಿಯುವುದು ಅಲ್ಲಿಂದಲೇ. ನನಗಂತೂ ಈಗ ಎಣ್ಣೆಯೇ ಇಷ್ಟ. ವಾರ್ನಿಷ್ ಒಂದು ಕಡೆ ಗೀಚಿದರೂ ನೀರು ಅದರ ಅಡಿಗೆ ನುಗ್ಗಿ ಪದರ ಏಳುತ್ತದೆ. ಎಣ್ಣೆಯಾದರೆ ಒರೆಸಿ ಮತ್ತೆ ಹಚ್ಚಿದರೆ ಆಯಿತು. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಬಿಡಿಸಿ ಹರವಿ ಒಣಗಿಸಿ.

ಈಗಾಗಲೇ ಹಾಕಿಸಿದ್ದೀರಾ? ಟಾರ್ಚ್ ಹಿಡಿದು ಗಾಡಿಯ ಕೆಳಗೆ ನೋಡಿ. ಅಡಿಭಾಗ ಬರೀ ಮರವಾಗಿ ಕಂಡರೆ, ಹೊರಗಿನ ಹಲಗೆ ಮತ್ತು ತಗಡಿನ ನಡುವೆ ಒಂದು ತೆಳು ರಟ್ಟೂ ತೂರದಿದ್ದರೆ, ಮಳೆಗೆ ಮುಂಚೆಯೇ ಆ ಎರಡು ಹಲಗೆ ಬಿಚ್ಚಿಸಿ ಅಂಚು ಕೀಸಿಸಿ. ಉಳಿದ ಹಲಗೆಗಳನ್ನು ನಿಧಾನಕ್ಕೆ ಸರಿಮಾಡಬಹುದು, ತಗಡು ಬಾಗುವುದಂತೂ ತಪ್ಪುತ್ತದೆ.