ಟೆಕ್ಸಸ್‌ನ ಗ್ರೇಡೋ, ಕ್ಯಾಲಿಫೋರ್ನಿಯಾದ ಬಣ್ಣವೋ?

ಕೆಲಸಕ್ಕೆ ಅಮೆರಿಕದ ಟೆಕ್ಸಸ್‌ನ ಹ್ಯೂಸ್ಟನ್‌ಗೋ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೋ ಎಂಬ ಚರ್ಚೆ ಮನೆಯಲ್ಲಿ ನಡೆದಿದ್ದರೆ, ಅಲ್ಲಿನ ಸರ್ಕಾರಿ ಶಾಲೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2015ರ ಫೆಡರಲ್ ಕಾಯ್ದೆ ಎರಡೂ ಕಡೆ ಒಂದೇ: ಬಡ ಮಕ್ಕಳ ಹೆಸರಲ್ಲಿ ಕೇಂದ್ರದ ಅನುದಾನ ಪಡೆಯುವ ಶಾಲೆಗಳಲ್ಲಿ ತೀರಾ ಹಿಂದುಳಿದ ಶೇ 5ರಷ್ಟನ್ನಾದರೂ ಗುರುತಿಸಿ ನೆರವು ಕೊಡಲೇಬೇಕು. ಗುರುತಿಸುವ ಬಗೆ ಮಾತ್ರ ಬೇರೆ.

ಟೆಕ್ಸಸ್ ಶಾಲೆಗೆ ಎ ಯಿಂದ ಎಫ್‌ವರೆಗೆ ಒಂದು ಗ್ರೇಡ್ ಕೊಡುತ್ತದೆ. ಸಾಧನೆ, ಪ್ರಗತಿ ಇವೆರಡರಲ್ಲಿ ಯಾವುದು ಚೆನ್ನಾಗಿದೆಯೋ ಅದಕ್ಕೆ ಶೇ 70 ತೂಕ. ಸತತ ಐದು ವರ್ಷ ಫೇಲಾದರೆ ಶಾಲೆ ಮುಚ್ಚಬೇಕು, ಇಲ್ಲವೇ ಶಾಲಾ ಜಿಲ್ಲೆಗೆ, ಅಂದರೆ ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗೆ, ರಾಜ್ಯವೇ ಆಡಳಿತ ಮಂಡಳಿ ನೇಮಿಸಬೇಕು. ವೀಟ್ಲಿ ಹೈಸ್ಕೂಲಿನ ಸತತ ಕಳಪೆ ಫಲಿತಾಂಶದಿಂದಾಗಿ 2023ರಲ್ಲಿ ಇಡೀ ಹ್ಯೂಸ್ಟನ್ ಶಾಲಾ ಜಿಲ್ಲೆಯ ಚುನಾಯಿತ ಮಂಡಳಿ ಅಧಿಕಾರ ಕಳೆದುಕೊಂಡಿತು. ನನಗಿದು ಅತಿಯಾಯಿತು ಅನ್ನಿಸುತ್ತದೆ. ಊರಿನವರು ಆರಿಸಿದವರನ್ನು ಬದಿಗೆ ಸರಿಸುವುದು ಸಣ್ಣ ಮಾತಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಒಟ್ಟು ಗ್ರೇಡೇ ಇಲ್ಲ. ಗಣಿತ, ಇಂಗ್ಲಿಷ್, ಸಸ್ಪೆನ್ಷನ್, ಗೈರುಹಾಜರಿ ಒಂದೊಂದಕ್ಕೂ ತೀರಾ ಕಳಪೆಯ ಕೆಂಪಿನಿಂದ ಅತ್ಯುತ್ತಮದ ನೀಲಿವರೆಗೆ ಐದು ಬಣ್ಣ. ಗಣಿತ ಹಸಿರಿದ್ದು ಗೈರುಹಾಜರಿ ಕೆಂಪಿರಬಹುದು. ಶೇ 10ರಷ್ಟು ದಿನ, ಅಂದರೆ 180ರಲ್ಲಿ 18 ದಿನ ತಪ್ಪಿದರೂ ಮಗು ಆ ಲೆಕ್ಕಕ್ಕೆ ಬರುತ್ತದೆ; ಮದುವೆಗೆಂದು ಊರಿಗೆ ಹೋಗುವ ನಮ್ಮವರು ಗಮನಿಸಿ. ಹಿಂದುಳಿದ ಶಾಲಾ ಜಿಲ್ಲೆಗಳ ಜೊತೆ ಕೌಂಟಿ ಶಿಕ್ಷಣ ಕಚೇರಿಯವರು ಕೂತು ಕಾರಣ ಹುಡುಕುತ್ತಾರೆ. ನಿಧಾನ, ಆದರೆ ಮಗುವಿಗೆ ಹತ್ತಿರದ ದಾರಿ.

ನನ್ನ ಒಲವು ಬಣ್ಣಗಳ ಕಡೆಗೆ. ಟೆಕ್ಸಸ್ಸೇ ಗಟ್ಟಿಯಾದರೆ, ಗ್ರೇಡ್ ನೋಡಿ ನಿಲ್ಲಬೇಡಿ. ಒಳಗಿನ ಪ್ರಗತಿಯ ಅಂಕ ತೆಗೆದು ನೋಡಿ.