ಮಝಲ್ ಬ್ರೇಕ್ ಜೊತೆ ಮೂರು ವರ್ಷ: ನನಗೆ ಸುಖ, ಪಕ್ಕದವರಿಗೆ ಕಷ್ಟ

ರೈಫಲ್ ಬ್ಯಾರಲ್ ತುದಿಗೆ ಒದೆತ ತಗ್ಗಿಸಲು ತಿರುಗಿಸಿ ಹಾಕುವ ಲೋಹದ ತುಂಡೇ ಮಝಲ್ ಬ್ರೇಕ್. ಅದನ್ನು ಹಾಕಿ ಮೊದಲ ಗುಂಡು ಹೊಡೆದಾಗ ಪಕ್ಕದ ಲೇನ್‌ನವರ ಸ್ಕೋರ್ ಹಾಳೆ ಬೆಂಚಿನಿಂದ ಹಾರಿ ಹಿಂದೆ ಬಿತ್ತು. ಅವರು ಎದ್ದು ಹೋಗಿ ತಂದು, ಮೇಲೆ ತೋಟಾ ಡಬ್ಬಿ ಇಟ್ಟರು. ಐದನೇ ಗುಂಡಿನ ಹೊತ್ತಿಗೆ ಏನೂ ಮಾತಾಡದೆ ಮ್ಯಾಟ್ ಸುತ್ತಿಕೊಂಡು ಎರಡು ಲೇನ್ ಆಚೆ ಹೋದರು. ನಾನು ಮಾತ್ರ ಖುಷಿಯಲ್ಲಿದ್ದೆ. ಸ್ಕೋಪಿನೊಳಗೆ ಗುರಿ ಅಲುಗಾಡದೆ ಹಾಗೇ ನಿಂತಿತ್ತು!

ನನ್ನದು 5.56 ಎಂಎಂ ಸೆಮಿ-ಆಟೊಮ್ಯಾಟಿಕ್ ರೈಫಲ್, ಎಆರ್-15 ಮಾದರಿ, 16 ಇಂಚಿನ ಬ್ಯಾರಲ್. ರೇಂಜ್‌ನಲ್ಲಿ ಕಾಗದದ ಗುರಿ, ಆಗಾಗ ಸಣ್ಣ ಪಂದ್ಯ, ಅಷ್ಟೇ ನನ್ನ ಬಳಕೆ. ಜೊತೆಗೆ ಬಂದಿದ್ದ ಮಾಮೂಲಿ ಬರ್ಡ್‌ಕೇಜ್ (ಪಂಜರದಾಕಾರದ ಫ್ಲ್ಯಾಶ್ ಹೈಡರ್, ಅಂದರೆ ತುದಿಯ ಬೆಂಕಿಯ ಮಿಂಚು ತಗ್ಗಿಸುವ ತುಂಡು) ತೆಗೆದು ಎರಡು ಕೋಣೆಯ ಬ್ರೇಕ್ ಹಾಕಿದೆ. ಮೂರು ವರ್ಷ ಅದನ್ನೇ ಹೆಚ್ಚು ಬಳಸಿದ್ದೇನೆ. ನಡುವೆ ಗೆಳೆಯರ ಕಾಂಪನ್ಸೇಟರ್ ಒಂದನ್ನೂ ಗ್ಯಾಸನ್ನು ಮುಂದಕ್ಕೆ ಬಿಡುವ ಲೀನಿಯರ್ ಕಾಂಪನ್ಸೇಟರ್ ಒಂದನ್ನೂ ಕೆಲವು ವಾರ ಹಾಕಿ ನೋಡಿದೆ.

ಗುಂಡಿನ ಹಿಂದೆಯೇ ಬಿಸಿ ಗ್ಯಾಸ್ ನುಗ್ಗಿ ಬರುತ್ತದೆ. ಆ ಗ್ಯಾಸ್ ಎತ್ತ ಹೋಗಬೇಕು ಅನ್ನುವುದೇ ಈ ತುಂಡು ಲೋಹದ ಕೆಲಸ. ಬ್ರೇಕ್‌ನಲ್ಲಿ ಗ್ಯಾಸ್ ಒಳಗಿನ ಗೋಡೆಗೆ ಬಡಿದು ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ ತಿರುಗುತ್ತದೆ. ಬಡಿದ ರಭಸಕ್ಕೆ ರೈಫಲ್ ಮುಂದಕ್ಕೆ ಎಳೆದಂತಾಗಿ ಭುಜಕ್ಕೆ ಬೀಳುವ ಒದೆತ ಕಡಿಮೆಯಾಗುತ್ತದೆ. ಕಾಂಪನ್ಸೇಟರ್‌ನಲ್ಲಿ ತೂತುಗಳು ಮೇಲ್ಗಡೆ ಇರುತ್ತವೆ. ಗ್ಯಾಸ್ ಮೇಲಕ್ಕೆ ಹೋದಾಗ ಬ್ಯಾರಲ್ ತುದಿಯನ್ನು ಕೆಳಕ್ಕೆ ಒತ್ತುತ್ತದೆ. ಫ್ಲ್ಯಾಶ್ ಹೈಡರ್ ಕತೆಯೇ ಬೇರೆ. ಪೂರ್ತಿ ಉರಿಯದ ಗ್ಯಾಸ್ ಹೊರಗಿನ ಗಾಳಿಗೆ ಸೇರಿ ಭಗ್ ಎಂದು ಹತ್ತಿಕೊಳ್ಳುತ್ತದೆ ಅಲ್ವಾ, ಅದು ಒಂದೇ ಉಂಡೆಯಾಗಿ ಹೊತ್ತದಂತೆ ಚದುರಿಸುತ್ತದೆ. ಮಬ್ಬು ಬೆಳಕಿನಲ್ಲಿ ಹೊಡೆಯುವವನ ಕಣ್ಣು ಕೋರೈಸಬಾರದು ಅನ್ನುವುದೇ ಮುಖ್ಯ. ಎದುರಿನಿಂದ ನೋಡುವವರಿಗೆ ಏನೂ ಕಾಣದಂತೆ ಮಾಡುತ್ತದೆ ಅನ್ನುವುದು ಸುಮ್ನೆ ಮಾತು.

ನಿಜ ಹೇಳಬೇಕೆಂದರೆ 5.56ಗೆ ಒದೆತ ಮೊದಲೇ ಕಡಿಮೆ. ಭುಜ ಉಳಿಸಿಕೊಳ್ಳಲು ಬ್ರೇಕ್ ಬೇಕಾಗಿಲ್ಲ. ನನಗೆ ಸಿಕ್ಕ ಲಾಭ ಕಣ್ಣಿಗೆ. ಗುಂಡು ಬಿದ್ದ ಜಾಗ ಸ್ಕೋಪಿನಲ್ಲೇ ಕಾಣುತ್ತದೆ, ಎರಡನೇ ಗುಂಡಿಗೆ ಗುರಿ ಹುಡುಕಬೇಕಾಗಿಲ್ಲ. ಗೆಳೆಯರೊಬ್ಬರ, ಇದಕ್ಕಿಂತ ದೊಡ್ಡ ಗುಂಡಿನ .308 ರೈಫಲ್‌ನಲ್ಲಿ ಬ್ರೇಕ್ ಇದ್ದೂ ಇಲ್ಲದೆಯೂ ಹೊಡೆದು ನೋಡಿದ್ದೇನೆ. ಅಲ್ಲಿ ವ್ಯತ್ಯಾಸ ಭುಜಕ್ಕೇ ಗೊತ್ತಾಗುತ್ತದೆ.

ಇನ್ನು ಕಿರಿಕಿರಿ. ಮೊದಲನೆಯದು ಸದ್ದು. 140 ಡೆಸಿಬಲ್ ದಾಟಿದ ಒಂದೇ ಒಂದು ಸಿಡಿತ ಕೂಡ ಕಿವಿಗೆ ವಾಸಿಯಾಗದ ಪೆಟ್ಟು ಕೊಡಬಹುದು. ಇಂಥ ರೈಫಲ್‌ಗಳು ಬ್ರೇಕ್ ಇಲ್ಲದೆಯೇ ಅದನ್ನು ದಾಟುತ್ತವೆ. ಬ್ರೇಕ್ ಆ ಸದ್ದನ್ನು ಹಿಂದಕ್ಕೆ, ನಮ್ಮ ಕಿವಿಯ ಕಡೆಗೇ ತಿರುಗಿಸುತ್ತದೆ. ಮೊದಲ ದಿನ ಬರೀ ಇಯರ್ ಮಫ್ ಹಾಕಿಕೊಂಡಿದ್ದೆ. ಸಂಜೆ ಮನೆಯಲ್ಲಿ ಫ್ಯಾನ್ ಸದ್ದಿನ ಹಿಂದೆ ಸಣ್ಣಗೆ ಕುಂಯ್ ಅನ್ನುತ್ತಿತ್ತು. ಅವತ್ತಿನಿಂದ ಒಳಗೆ ಪ್ಲಗ್, ಮೇಲೆ ಮಫ್, ಎರಡೂ ಕಡ್ಡಾಯ. ಸೂರು ಇರುವ ರೇಂಜ್‌ನಲ್ಲಿ ಇನ್ನೂ ಕಷ್ಟ. ಗೋಡೆಗೆ ಬಡಿದು ವಾಪಸ್ ಬರುವ ಗಾಳಿ ಮುಖಕ್ಕೆ ಗುದ್ದಿದ ಹಾಗಿರುತ್ತದೆ. ಮೂಗಿನ ತುದಿ ಕೂಡ ನಡುಗುತ್ತದೆ ಅಂದರೆ ನಗಬೇಡಿ, ನಡುಗುತ್ತದೆ.

ಎರಡನೆಯದು ಧೂಳು. ನನ್ನ ಬ್ರೇಕ್‌ಗೆ ಕೆಳಗೂ ಸಣ್ಣ ತೂತುಗಳಿವೆ. ಮಲಗಿ ಹೊಡೆದರೆ ಒಂದು ಗುಂಡಿಗೆ ಒಂದು ಮೋಡ. ಮ್ಯಾಟ್ ಮುಂದೆ ಒದ್ದೆ ಗೋಣಿಚೀಲ ಹಾಸಿ ಸುಧಾರಿಸಿಕೊಂಡೆ. ಬರ್ಡ್‌ಕೇಜ್ ಮಾಡಿದವರು ಇದನ್ನೆಲ್ಲ ಯೋಚಿಸಿದ್ದರು ಅಂತ ಆಮೇಲೆ ಅರ್ಥವಾಯಿತು. ಅಮೆರಿಕ ಸೇನೆಯ ಎಂ16 ರೈಫಲ್‌ನ ಹಳೆಯ ಫ್ಲ್ಯಾಶ್ ಹೈಡರ್‌ಗೆ ಮೂರು ತೆರೆದ ಕಡ್ಡಿಗಳಿದ್ದವು, ಪೊದೆಗೆ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಹಾಗಾಗಿ ತುದಿ ಮುಚ್ಚಿದ ಪಂಜರದ ಆಕಾರ ಬಂತು. ಎ2 ಮಾದರಿಯಲ್ಲಿ ಕೆಳಗಿನ ಸೀಳನ್ನೂ ಮುಚ್ಚಿದರು. ಧೂಳೂ ಏಳುವುದಿಲ್ಲ, ತುದಿ ಮೇಲೇಳುವುದೂ ಒಂಚೂರು ತಗ್ಗುತ್ತದೆ. ಪುಕ್ಕಟೆ ಬಂದದ್ದು ಅಂತ ಡ್ರಾಯರ್‌ಗೆ ಎಸೆದಿದ್ದೆ ನೋಡಿ.

ನನ್ನದೇ ತಪ್ಪೊಂದನ್ನು ಹೇಳಲೇಬೇಕು. ಕಾಂಪನ್ಸೇಟರ್ ಹಾಕುವಾಗ ನಡುವೆ ಕೂರಿಸಿ ಬಿಗಿ ಮಾಡುವ ಹಳೆಯ ಕ್ರಶ್ ವಾಷರನ್ನೇ ಮತ್ತೆ ಬಳಸಿದೆ. ಅದು ಒಂದು ಸಲ ಚಪ್ಪಟೆಯಾದರೆ ಮುಗಿಯಿತು, ಎರಡನೇ ಸಲ ಬಿಗಿ ಹಿಡಿಯುವುದಿಲ್ಲ. ಬಿಗಿಯಾಗಿದೆ ಅಂದುಕೊಂಡೆ. ನಲವತ್ತೋ ಐವತ್ತೋ ಗುಂಡು ಆದ ಮೇಲೆ ಕಾಗದದ ಮೇಲಿನ ಗುಂಡಿನ ತೂತುಗಳ ಗುಂಪು ನಿಧಾನವಾಗಿ ಪಕ್ಕಕ್ಕೆ ಸರಿಯತೊಡಗಿತು. ಸ್ಕೋಪನ್ನು ಬೈದೆ, ತೋಟಾ ಬೈದೆ, ಉಸಿರನ್ನೂ ಬೈದೆ. ಕೊನೆಗೆ ರೈಫಲ್ ಖಾಲಿ ಮಾಡಿ, ಚೇಂಬರ್ ಬೆರಳಿಟ್ಟು ನೋಡಿ, ತುದಿ ಮುಟ್ಟಿದರೆ ಕಾಂಪನ್ಸೇಟರ್ ಕೈಯಲ್ಲೇ ತಿರುಗಿತು! ಮೇಲ್ಗಡೆ ಇರಬೇಕಾದ ತೂತುಗಳು ಗಡಿಯಾರದ ಹನ್ನೊಂದಕ್ಕೆ ವಾಲಿದ್ದವು. ಹೊಸ ವಾಷರ್ ಹಾಕಿ, ಬ್ಯಾರಲನ್ನು ಸರಿಯಾಗಿ ವೈಸ್‌ನಲ್ಲಿ ಹಿಡಿಸಿ ಬಿಗಿ ಮಾಡಿಸಿದೆ. ತುದಿಯ ಭಾಗ ಬದಲಾಯಿಸಿದಾಗಲೆಲ್ಲ ಝೀರೊ (ಸ್ಕೋಪಿನ ಗುರಿಯೂ ಗುಂಡು ಬೀಳುವ ಜಾಗವೂ ಒಂದಾಗಿರುವುದು) ಮತ್ತೆ ನೋಡಲೇಬೇಕು, ಇದನ್ನೂ ಅವತ್ತೇ ಕಲಿತೆ.

ಕೊಳ್ಳುವ ಮುಂಚೆ ಥ್ರೆಡ್ ನೋಡಿ. 5.56ಗೆ ಸಾಮಾನ್ಯವಾಗಿ ಅರ್ಧ ಇಂಚು, ಇಂಚಿಗೆ 28 ಎಳೆ. .308ಗೆ 5/8 ಇಂಚು, 24 ಎಳೆ. ಎಕೆಎಂ (ಎಕೆ-47ರ ಸುಧಾರಿತ ರೂಪ) ಮಾದರಿಯವಕ್ಕೆ 14 ಮಿಮೀ, ಅದೂ ಉಲ್ಟಾ ತಿರುಗುವ ಥ್ರೆಡ್. ಬಲವಂತ ಮಾಡಿದರೆ ಬ್ಯಾರಲ್ ಹಾಳು. ಗುಂಡು ಹೋಗುವ ತೂತಿನ ಅಳತೆ ಇನ್ನೂ ಮುಖ್ಯ. ದೊಡ್ಡ ಕ್ಯಾಲಿಬರ್ ರೈಫಲ್‌ಗೆ ಸಣ್ಣ ಕ್ಯಾಲಿಬರ್‌ನದು ಹಾಕಿದರೆ ಅನಾಹುತ. ಹೆಸರನ್ನೂ ಗಮನಿಸಿ. ಅಮೆರಿಕದಲ್ಲಿ 1994ರಿಂದ 2004ರವರೆಗೆ ಇದ್ದ ಕಾನೂನಿನಲ್ಲಿ ಫ್ಲ್ಯಾಶ್ ಸಪ್ರೆಸರ್ (ಫ್ಲ್ಯಾಶ್ ಹೈಡರ್‌ನದೇ ಇನ್ನೊಂದು ಹೆಸರು) ರೈಫಲ್‌ನ ನಿಷೇಧಕ್ಕೆ ಕಾರಣವಾಗುವ ಅಂಶಗಳ ಪಟ್ಟಿಯಲ್ಲಿತ್ತು, ಬ್ರೇಕ್ ಇರಲಿಲ್ಲ. ನೋಡಲು ಒಂದೇ ಥರ ಇದ್ದರೂ ಕಾನೂನಿನ ಕಣ್ಣಿಗೆ ಬೇರೆ ಬೇರೆ ಆಗಿರಬಹುದು. ನಿಮ್ಮಲ್ಲಿ ಯಾವುದು ನಡೆಯುತ್ತದೆ ಅಂತ ಮೊದಲು ಕೇಳಿಕೊಳ್ಳಿ.

ಲೀನಿಯರ್ ಕಾಂಪನ್ಸೇಟರ್ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಒದೆತ ಹಾಗೇ ಇರುತ್ತದೆ, ಸದ್ದು ಮುಂದಕ್ಕೆ ಹೋಗುತ್ತದೆ, ಪಕ್ಕದವರು ಥ್ಯಾಂಕ್ಸ್ ಹೇಳುತ್ತಾರೆ. ಉಜ್ಜುವುದು ಮಾತ್ರ ತಲೆನೋವು. ಬ್ರೇಕ್‌ನ ಮಸಿಯೂ ಕಡಿಮೆಯೇನಲ್ಲ. ಬಿಟ್ಟಷ್ಟೂ ಸುಟ್ಟ ಬಾಣಲೆ ತಳದ ಹಾಗೆ ಗಟ್ಟಿಯಾಗುತ್ತದೆ. ಬಿಚ್ಚದೆ ಬಿಟ್ಟ ಒಂದು ಮಳೆಗಾಲದ ನಂತರ ರಾತ್ರಿಯಿಡೀ ಸಾಲ್ವೆಂಟ್‌ನಲ್ಲಿ ನೆನೆಹಾಕಿ, ಬಿದಿರು ಕಡ್ಡಿಯಲ್ಲಿ ಕೆರೆದು ತೆಗೆದಿದ್ದೇನೆ. ಉಕ್ಕಿಗೆ ಏನೂ ಆಗಿಲ್ಲ, ಅಂಚುಗಳು ಇನ್ನೂ ಚೂಪಾಗಿವೆ. ಬಾಳಿಕೆಗೆ ಪೂರ್ತಿ ಅಂಕ.

ಈಗ ಪಂದ್ಯ ಇದ್ದ ದಿನ ಬ್ರೇಕ್, ಉಳಿದ ದಿನ ಡ್ರಾಯರ್‌ನಿಂದ ಹೊರಬಂದ ಅದೇ ಬರ್ಡ್‌ಕೇಜ್. ಒಬ್ಬರೇ ಬಯಲಲ್ಲಿ ಹೊಡೆಯುವವರಾದರೆ ಕಣ್ಣುಮುಚ್ಚಿ ಬ್ರೇಕ್ ತಗೊಳ್ಳಿ. ಸಾಲಾಗಿ ಜನ ಇರುವ ಸೂರಿನ ರೇಂಜ್ ನಿಮ್ಮದಾದರೆ ನಾನು ಬೇಡ ಅನ್ನುತ್ತೇನೆ. ಅಲ್ಲಿ ನಿಮ್ಮ ಭುಜದಿಂದ ಕಳೆದದ್ದು ಪಕ್ಕದವರ ಎದೆಗೆ ಹೋಗುತ್ತದೆ. ಅವತ್ತು ಮ್ಯಾಟ್ ಸುತ್ತಿಕೊಂಡು ಹೋದವರು ಈಗ ನನ್ನ ಪಕ್ಕದ ಲೇನ್‌ಗೇ ವಾಪಸ್ ಬಂದಿದ್ದಾರೆ. ಆದರೂ ನಾನು ರೈಫಲ್ ಬ್ಯಾಗ್ ಬಿಚ್ಚಿದ ಮೇಲೆ ಬ್ಯಾರಲ್ ತುದಿಯನ್ನೊಮ್ಮೆ ನೋಡಿಯೇ ಸ್ಕೋರ್ ಹಾಳೆ ಹೊರಗೆ ತೆಗೆಯುತ್ತಾರೆ.