ಮಣಕಾಲ ನೋವಿಗೆ ಹೋಗಿ ಬಾವಡಿ ಕಥಿ ಓದಿ ಬಂದೆ: ವಿಜಯಪುರದ ನಮ್ಮ ಓಣಿ ದವಾಖಾನಿ

ಅವ್ವಗ ಮಣಕಾಲ ನೋವು ಅಂತ ಇಲ್ಲಿಗೆ ಬರಾಕತ್ತು ಆರು ತಿಂಗಳಾತು, ಈಗ ಮನ್ಯಾಗ ಯಾರಿಗೆ ಏನಾದ್ರೂ ಇಲ್ಲೇ ಬರ್ತೀವಿ. ಮೊದ್ಲು ಬ್ಯಾರೆ ಕಡೆ ತೋರ್ಸಿದ್ವಿ, ಅಲ್ಲಿ ಅವ್ವ ಕುರ್ಚಿ ಮ್ಯಾಲ ಕುಂದ್ರೂದ್ರೊಳಗ ಗುಳಿಗಿ ಬರದು ಕೊಟ್ಟಿದ್ರು. ಇಲ್ಲಿ ಹಂಗಲ್ಲ. "ಯವ್ವಾ, ತವರಮನಿ ಯಾವ ಊರು? ಸಣ್ಣಾಕಿದ್ದಾಗ ಯಾವ ನೀರ ಕುಡೀತಿದ್ರಿ, ಬಾವಿದೋ ಬೋರಿಂದೋ?" ಅಂತ ಡಾಕ್ಟರ್ ಸಾಹೇಬ್ರು ಕೇಳಿದ್ರು. ಮಣಕಾಲಿಗೂ ನೀರಿಗೂ ಏನ್ ಸಂಬಂಧ ಅನಸ್ತು ನನಗ, ಆಮ್ಯಾಲ ಅವ್ರ ಹೇಳಿದ್ರು, ನಮ್ಮ ಜಿಲ್ಲಾದಾಗ ಭಾಳ ಕಡೆ ಬೋರ್ ನೀರಾಗ ಫ್ಲೋರೈಡ್ ಐತಿ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದನ್ನ ಸಣ್ಣವರಿದ್ದಾಗಿಂದ ಕುಡದ್ರ ಹಲ್ಲಿಗೆ ಕಲಿ ಬೀಳ್ತಾವು, ವರ್ಷಾನುಗಟ್ಲೆ ಕುಡದ್ರ ಕೀಲು ಬಿಗೀತಾವು ಅಂತ. ಹಲ್ಲು ನೋಡಿ, ಎಕ್ಸ್‌ರೇ ನೋಡಿ, ಇದು ಅದಲ್ಲ, ವಯಸ್ಸಿನ ಸವಕಳಿ ಅಂದ್ರು. ಎರಡ ಗುಳಿಗಿ, ಕುರ್ಚಿ ಮ್ಯಾಲ ಕುಂತು ಕಾಲ ನೀಟ ಮಾಡೂ ವ್ಯಾಯಾಮ, ಅಷ್ಟ. ಅವ್ವ ಈಗ ಗುಡಿ ಮೆಟ್ಟಲ ಏರ್ತಾಳ.

ಇದೇ ನೀರಿನ ಪ್ರಶ್ನಿನ ಸಾಹೇಬ್ರನ್ನ ಇತಿಹಾಸಕ್ಕ ಎಳದೈತಿ. ಪೇಷಂಟ್ ಅಜ್ಜಗೋಳು ಹೇಳಿದ ಹಳೆ ಬಾವಿ ಹೊಂಡ ಎಲ್ಲಾ ದಪ್ಪ ನೋಟ್‌ಬುಕ್ಕಿನ್ಯಾಗ ಬರಕೊಂತಾರ (ರೋಗದ ಮಾತ ಅದರಾಗ ಒಂದಕ್ಷರ ಬರಂಗಿಲ್ಲ), ರವಿವಾರ ತಾವ ಹೋಗಿ ನೋಡ್ತಾರ, ಆಮ್ಯಾಲ ಲೇಖನ ಬರದು ಝೆರಾಕ್ಸ್ ಮಾಡ್ಸಿ ಹೊರಗ ಬೆಂಚಿನ ಮ್ಯಾಲ ಇಡ್ತಾರ, ಪುಕ್ಕಟ. ನಂಬರ್ ಬರೂತನಕ ನಾ ಅದನ್ನ ಓದಿದ್ದು. ಆದಿಲಶಾಹಿ ಕಾಲಕ್ಕ ಊರ ಹತ್ರದ ತೊರವಿ ಹಳ್ಳಿ ಕಡಿಂದ ನೆಲದಾಗ ಸುರಂಗ ಕೊರದು ಊರಿಗೆ ನೀರ ತಂದಿದ್ರಂತ, ನಡುನಡುವ ಗಂಜ್ ಅನ್ನೂ ಗೋಪುರ ಕಟ್ಟಿ ನೀರಿನ ಒತ್ತಡ ಇಳಸ್ತಿದ್ರಂತ, ಆಮ್ಯಾಲ 1620ರ ತಾಜ್ ಬಾವಡಿ ಅನ್ನೂ ದೊಡ್ಡ ಮೆಟ್ಟಲ ಬಾವಿ, 1651ರ ಬೇಗಂ ತಲಾಬ್ ಅನ್ನೂ ಕೆರಿ. ತಾಜ್ ಬಾವಡಿ ಮುಂದ ನಾ ದಿನಾ ಹಾದು ಹೋಗಾಂವ, ಅವತ್ತ ಮೊದಲನೇ ಸಲ ಗಾಡಿ ನಿಲ್ಲಿಸಿ ನೋಡ್ದೆ.

ಇನ್ನೊಂದ ಲೇಖನ ಫಿರಿಶ್ತಾಂದು. ಎರಡನೇ ಇಬ್ರಾಹಿಂ ಆದಿಲಶಾಹನ ದರಬಾರಿನಾಗ ಕುಂತು ಇತಿಹಾಸ ಬರದ ಆ ಮನಷ್ಯಾ ವೈದ್ಯದ ಮ್ಯಾಲೂ ಪುಸ್ತಕ ಬರದಾನ! "ಸರ್, ನಿಮ್ಮಂಗ ಒಬ್ಬಾಂವ 400 ವರ್ಷದ ಹಿಂದ ಇದೇ ಊರಾಗ ಇದ್ನಲ್ರಿ" ಅಂದೆ, ಮಾರಿ ಅರಳ್ತು. "ಅಂವಾ ದೊಡ್ಡಾಂವ್ರೀ, ನಾ ಬಾವಿ ಎಣಸಾಂವ" ಅಂದ್ರು.

ಸಂಜಿಕ ಭಾಳ ಗದ್ದಲ ಇರ್ತೈತಿ, ಎರಡ ತಾಸು ಕೂಡಬೇಕು, ಫೋನ್ ಮ್ಯಾಲ ನಂಬರ್ ಕೊಡಂಗಿಲ್ಲ, ವಯಸ್ಸಾದವ್ರನ್ನ ಕರ್ಕೊಂಡು ಬರೂದಿದ್ರ ಮುಂಜಾನೆ ಬರ್ರಿ. ಝೆರಾಕ್ಸ್ ಅಕ್ಷರ ಸಣ್ಣ, ಅದನ್ನ ದೊಡ್ಡದು ಮಾಡ್ಬೇಕು ಸಾಹೇಬ್ರು, ಅಜ್ಜಗೋಳ ಬಾಯಿಂದ ಬಂದಿದ್ದು ಅವ್ರ ಕಣ್ಣಿಗೂ ಕಾಣಬೇಕಲ್ಲ. ಮತ್ತ ಬರೂ ಮುಂದ ನಿಮ್ಮ ಓಣ್ಯಾಗ ಮುಚ್ಚಿದ ಬಾವಿ ಎಲ್ಲಿತ್ತು ಅಂತ ಹಿರೇರನ್ನ ಕೇಳ್ಕೊಂಡ ಬರ್ರಿ, ನಾಡಿ ಹಿಡದಕೂಡ್ಲೇ ಕೇಳ್ತಾರ.